ಪೀಟರ್ ಫಾಕ್, ಅಂದ್ರೆ ಕೊಲಂಬೊ: ಪದೇ ಪದೇ ಕೇಳೋ ಪ್ರಶ್ನೆಗಳು

ಪೀಟರ್ ಫಾಕ್ ಪೊಲೀಸ್ ಪತ್ತೇದಾರನ ಪಾತ್ರ ಮಾಡಿದ ಅಮೆರಿಕದ ಟಿವಿ ಸೀರೀಸ್ ಕೊಲಂಬೊ ನೋಡೋಕೆ ಶುರು ಮಾಡಿದವ್ರು ನಾಲ್ಕೈದು ಎಪಿಸೋಡ್ ಆದ್ಮೇಲೆ ಕೊಲೆ ಬಗ್ಗೆ ಕೇಳಲ್ಲ, ಆ ಮನುಷ್ಯನ ಬಗ್ಗೆನೇ ಕೇಳ್ತಾರೆ. ಆ ಕಣ್ಣು ಯಾಕೆ ಹಂಗಿದೆ, ಆ ಕೋಟು ಎಲ್ಲಿಂದ ತಂದ್ರು, ನಿಜ ಜೀವನದಲ್ಲೂ ಹಂಗೇ ಇದ್ರಾ, ಇಂಥವೇ. ಅದಕ್ಕೆ ಎಲ್ಲಾನೂ ಒಂದೇ ಕಡೆ ಬರೆದಿಟ್ಟಿದೀನಿ. ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ಫಾಕ್ ಅಂದ್ರೆ ಬರೀ ಕೊಲಂಬೊ ಅಂದ್ಕೊಂಡು ಅಲ್ಲಿಗೇ ನಿಲ್ಲಿಸ್ಬೇಡಿ, ಅವ್ರು ಮಾಡಿರೋ ಅತ್ಯುತ್ತಮ ಕೆಲಸದಲ್ಲಿ ಒಂದಷ್ಟು ಆ ಕೋಟು ಹಾಕ್ಕೊಳ್ದೇ ಮಾಡಿದ್ದು.

ಪೀಟರ್ ಫಾಕ್ ಯಾರು, ಎಲ್ಲಿಯವ್ರು?

ಅಮೆರಿಕದ ಟಿವಿ, ಸಿನಿಮಾ, ನಾಟಕದ ನಟ. 1927ರ ಸೆಪ್ಟೆಂಬರ್ 16ಕ್ಕೆ ನ್ಯೂಯಾರ್ಕ್ ಸಿಟಿಲಿ ಹುಟ್ಟಿದ್ರು, ಬೆಳೆದಿದ್ದು ಹಡ್ಸನ್ ನದಿ ದಡದಲ್ಲಿರೋ ಆಸಿನಿಂಗ್ ಅನ್ನೋ ಊರಲ್ಲಿ, ಸಿಂಗ್ ಸಿಂಗ್ ಅನ್ನೋ ಹೆಸರುವಾಸಿ ಜೈಲು ಇರೋದು ಅಲ್ಲೇ. ಪೂರ್ವ ಯುರೋಪಿಂದ ಬಂದ ಯೆಹೂದಿ ಮನೆತನ, ಅಪ್ಪಂದು ಬಟ್ಟೆ ಅಂಗಡಿ. ಸ್ಕೂಲಲ್ಲಿ ಆಟದಲ್ಲಿ ಯಾವಾಗ್ಲೂ ಮುಂದೆ, ಕೊನೆ ವರ್ಷ ಕ್ಲಾಸ್ ಪ್ರೆಸಿಡೆಂಟ್ ಕೂಡ ಆಗಿದ್ರು.

ಒಂದು ಕಣ್ಣು ಗಾಜಿಂದು ಅಂತಾರಲ್ಲ, ನಿಜಾನಾ?

ನಿಜ. ಬಲಗಣ್ಣು. ಮೂರು ವರ್ಷದ ಮಗು ಇದ್ದಾಗ ರೆಟಿನೊಬ್ಲಾಸ್ಟೊಮಾ ಅನ್ನೋ ಕಣ್ಣಿನ ಕ್ಯಾನ್ಸರ್ ಬಂದು ಆಪರೇಷನ್ ಮಾಡಿ ಕಣ್ಣೇ ತೆಗೆದುಬಿಟ್ರು, ಆಮೇಲೆ ಜೀವನಪೂರ್ತಿ ಕೃತಕ ಕಣ್ಣೇ. ಕೊಲಂಬೊ ತಲೆ ಓರೆ ಮಾಡ್ಕೊಂಡು ಒಂದು ಥರ ಸಂಶಯದಿಂದ ನೋಡ್ತಾನಲ್ಲ, ಆ ನೋಟದಲ್ಲಿ ಅರ್ಧ ನಟನೆ ಆದ್ರೆ ಅರ್ಧ ಆ ಕಣ್ಣಿಂದನೇ ಬಂದಿದ್ದು.

ಅವ್ರೇ ಹೇಳ್ತಿದ್ದ ಒಂದು ಕಥೆ ಇದೆ. ಹೈಸ್ಕೂಲ್ ಬೇಸ್‌ಬಾಲ್ ಮ್ಯಾಚಲ್ಲಿ ಅಂಪೈರ್ ಇವ್ರನ್ನ ತಪ್ಪಾಗಿ ಔಟ್ ಕೊಟ್ರಂತೆ, ಇವ್ರು ಸೀದಾ ಹೋಗಿ ಗಾಜಿನ ಕಣ್ಣು ತೆಗೆದು ಅಂಪೈರ್ ಕೈಗೆ ಕೊಡೋಕೆ ಹೋದ್ರಂತೆ, ತಗೊಳ್ಳಿ ನಿಮಗೆ ಇದು ಬೇಕಾಗುತ್ತೆ ಅಂತ. ಎರಡೂ ಟೀಮಿನ ಹುಡುಗ್ರು ಬಿದ್ದು ಬಿದ್ದು ನಕ್ರಂತೆ. ಚಿಕ್ಕವರಿದ್ದಾಗ ಆ ಕಣ್ಣಿನ ಬಗ್ಗೆ ತುಂಬಾ ನಾಚಿಕೆ ಇತ್ತು, ಆಟ ಆಡೋ ಹುಡುಗ್ರ ಜೊತೆ ಸೇರಿ ಸೇರಿ ಅದನ್ನ ತಮಾಷೆ ಮಾಡೋಷ್ಟು ಧೈರ್ಯ ಬಂತು.

ವಿಷಯ ಬಂದಿದೆ ಅಂತ ಒಂದು ಮಾತು ಸೇರಿಸ್ತೀನಿ. ಈ ಕಾಯಿಲೆ ಇವತ್ತಿಗೂ ಪುಟ್ಟ ಮಕ್ಕಳಿಗೆ ಬರುತ್ತೆ. ಫ್ಲಾಶ್ ಹಾಕಿ ತೆಗೆದ ಫೋಟೋದಲ್ಲಿ ಮಗುವಿನ ಒಂದು ಕಣ್ಣಿನ ಪಾಪೆ ಬೆಳ್ಳಗೆ ಹೊಳೀತಿದ್ರೆ ಅಥವಾ ಇದ್ದಕ್ಕಿದ್ದಂಗೆ ಮೆಳ್ಳೆಗಣ್ಣು ಬಂದ್ರೆ ಸುಮ್ನಿರ್ಬೇಡಿ, ಕಣ್ಣಿನ ಡಾಕ್ಟರ್‌ಗೆ ತೋರಿಸಿ. ಈಗ ಬೇಗ ಗೊತ್ತಾದ್ರೆ ಎಷ್ಟೋ ಮಕ್ಕಳ ಜೀವದ ಜೊತೆ ಕಣ್ಣೂ ಉಳಿಯುತ್ತೆ.

ನಟ ಆಗೋಕೆ ಮುಂಚೆ ಏನ್ ಮಾಡ್ತಿದ್ರು?

ಇದು ನನಗೆ ತುಂಬಾ ಇಷ್ಟದ ಭಾಗ, ಯಾಕಂದ್ರೆ ಹೀರೋ ಆಗ್ಬೇಕು ಅಂತ ಹದಿನೆಂಟಕ್ಕೇ ಮನೆ ಬಿಟ್ಟು ಓಡಿಬಂದ ಕಥೆ ಅಲ್ಲ ಇದು. ಎರಡನೇ ಮಹಾಯುದ್ಧ ಮುಗೀತಾ ಇದ್ದಾಗ ಸೈನ್ಯ ಸೇರೋಕೆ ಹೋದ್ರು, ಕಣ್ಣಿನ ಕಾರಣಕ್ಕೆ ತಗೊಳ್ಳಲಿಲ್ಲ, ಸರಿ ಅಂತ ಸರಕು ಹಡಗಿನ ಮರ್ಚೆಂಟ್ ಮರೀನ್ ಸೇರಿ ಅಡುಗೆಮನೇಲಿ ಕೆಲಸ ಮಾಡಿದ್ರು. ಅಲ್ಲಿಂದ ಬಂದು ಓದು ಮುಂದುವರಿಸಿ 1951ರಲ್ಲಿ ನ್ಯೂಯಾರ್ಕಿನ ನ್ಯೂ ಸ್ಕೂಲಿಂದ ಸಾಹಿತ್ಯ, ರಾಜ್ಯಶಾಸ್ತ್ರದಲ್ಲಿ ಡಿಗ್ರಿ, 1953ರಲ್ಲಿ ಸಿರಾಕ್ಯೂಸ್ ಯೂನಿವರ್ಸಿಟಿಯಿಂದ ಸಾರ್ವಜನಿಕ ಆಡಳಿತದಲ್ಲಿ ಮಾಸ್ಟರ್ಸ್. ಸಿಐಎಗೂ ಅರ್ಜಿ ಹಾಕಿದ್ರು! ಹಡಗಿನ ಕೆಲಸಕ್ಕಿದ್ದಾಗ ಅಲ್ಲಿನ ಕಾರ್ಮಿಕ ಸಂಘದ ಮೆಂಬರ್ ಆಗಿದ್ರು, ಆ ಸಂಘ ಎಡಪಂಥದ್ದು ಅಂತ ಸರ್ಕಾರಕ್ಕೆ ಅನುಮಾನ, ಆ ಕಾಲದಲ್ಲಿ ಅಷ್ಟು ಸಾಕಿತ್ತು, ಕೆಲಸ ಸಿಗಲಿಲ್ಲ.

ಕೊನೆಗೆ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಊರಲ್ಲಿ ಸರ್ಕಾರದ ಬಜೆಟ್ ಆಫೀಸಲ್ಲಿ ಕೆಲಸ. ಯಾವ ಇಲಾಖೆ ಹೆಂಗ್ ನಡೀತಿದೆ, ಎಲ್ಲಿ ಕೆಲಸ ಚುರುಕಾಗಬೇಕು ಅಂತ ನೋಡಿ ರಿಪೋರ್ಟ್ ಕೊಡೋದು ಅವ್ರ ಕೆಲಸ ಆಗಿತ್ತು. ಮೊದಲ ದಿನ ಕೆಲಸಕ್ಕೆ ಹೋದ್ರೆ ಆಫೀಸಿನ ಕಟ್ಟಡಾನೇ ಸಿಗಲಿಲ್ಲ ಅಂತ ಆಮೇಲೆ ಅವ್ರೇ ಹೇಳ್ಕೊಂಡಿದಾರೆ.

ಒಳ್ಳೆ ಸರ್ಕಾರಿ ಕೆಲಸ ಬಿಟ್ಟು ನಾಟಕಕ್ಕೆ ಬಂದಿದ್ದು ಹೇಗೆ?

ಹಾರ್ಟ್‌ಫರ್ಡಲ್ಲಿ ಮಾರ್ಕ್ ಟ್ವೈನ್ ಮಾಸ್ಕರ್ಸ್ ಅಂತ ಹವ್ಯಾಸಿ ನಾಟಕ ತಂಡ ಇತ್ತು, ಸಾಯಂಕಾಲ ಅಲ್ಲಿ ನಾಟಕ, ಬೆಳಿಗ್ಗೆ ಆಫೀಸು. ಅದೇ ಟೈಮಲ್ಲಿ ಇವಾ ಲ ಗಾಲಿಯೆನ್ ಅನ್ನೋ ದೊಡ್ಡ ರಂಗನಟಿ ವೆಸ್ಟ್‌ಪೋರ್ಟ್ ಅನ್ನೋ ಊರಲ್ಲಿ ವೃತ್ತಿನಟರಿಗೆ ಮಾತ್ರ ಕ್ಲಾಸ್ ತಗೋತಿದ್ರು, ಫಾಕ್ ನಾನೂ ವೃತ್ತಿನಟನೇ ಅಂತ ಸುಳ್ಳು ಹೇಳಿ ಸೇರ್ಕೊಂಡ್ರು. ಪ್ರತಿ ಬುಧವಾರ ಹಾರ್ಟ್‌ಫರ್ಡಿಂದ ಕಾರ್ ಓಡಿಸ್ಕೊಂಡು ಹೋಗ್ಬೇಕಿತ್ತು, ಹಂಗಾಗಿ ಯಾವಾಗ್ಲೂ ಲೇಟು. ಒಂದಿನ ಆಕೆ ಕೇಳೇಬಿಟ್ರು, ಯಾಕ್ ದಿನಾ ಲೇಟು, ಹಾರ್ಟ್‌ಫರ್ಡಲ್ಲಿ ಥಿಯೇಟರೇ ಇಲ್ಲ ನೀವು ನಟನೆ ಮಾಡಿ ಹೊಟ್ಟೆ ಹೊರೆಯೋದು ಹೆಂಗೆ ಅಂತ. ಆಗ ನಿಜ ಒಪ್ಕೊಂಡ್ರು, ನಾನು ನಟ ಅಲ್ಲ ಮೇಡಂ ಅಂತ. ಆಕೆ ಅವ್ರನ್ನ ದಿಟ್ಟಿಸಿ ನೋಡಿ, ಹಾಗಾದ್ರೆ ನೀವು ನಟ ಆಗ್ಬೇಕು ಅಂದ್ರು ಅಷ್ಟೇ. ಫಾಕ್ ವಾಪಸ್ ಹೋಗಿ ರಾಜೀನಾಮೆ ಕೊಟ್ರು. ಅದು 1956, ಮೂವತ್ತರ ಹತ್ರ ವಯಸ್ಸು.

ಅದೇ ವರ್ಷ ನ್ಯೂಯಾರ್ಕಲ್ಲಿ ಯೂಜೀನ್ ಓನೀಲ್ ನಾಟಕ ಒಂದರಲ್ಲಿ ಜೇಸನ್ ರೋಬಾರ್ಡ್ಸ್ ಎದುರು ಬಾರ್‌ಟೆಂಡರ್ ಪಾತ್ರ ಸಿಕ್ತು, ಅಲ್ಲಿಂದ ಹಿಂದಿರುಗಿ ನೋಡಲಿಲ್ಲ.

ಸಿನಿಮಾದವ್ರು ಮೊದ್ಲು ಬೇಡ ಅಂದಿದ್ರಂತೆ?

ಹೌದು. ಏಜೆಂಟೇ ಹೇಳಿದ್ರು ಈ ಕಣ್ಣು ಇಟ್ಕೊಂಡು ಸಿನಿಮಾ ಆಸೆ ಬೇಡ ಅಂತ. ಕೊಲಂಬಿಯಾ ಪಿಕ್ಚರ್ಸಲ್ಲಿ ಸ್ಕ್ರೀನ್ ಟೆಸ್ಟ್ ಆಯ್ತು, ಆಗ ಸ್ಟುಡಿಯೋ ದೊರೆ ಹ್ಯಾರಿ ಕೋನ್, ಇದೇ ದುಡ್ಡಿಗೆ ಎರಡು ಕಣ್ಣಿರೋ ನಟ ಸಿಗ್ತಾನೆ ಅನ್ನೋ ಅರ್ಥದಲ್ಲಿ ಹೇಳಿ ಕಳಿಸಿಬಿಟ್ರು. ಇದನ್ನ ಓದಿದಾಗೆಲ್ಲ ಸಿಟ್ಟು ಬರುತ್ತೆ ನನಗೆ. ಆದ್ರೆ ಅದಾಗಿ ಕೆಲವೇ ವರ್ಷದಲ್ಲಿ ಆಸ್ಕರ್ ನಾಮಿನೇಷನ್ ಬಂತು, ಅದೂ ಸತತ ಎರಡು ವರ್ಷ.

ಆಸ್ಕರ್ ಗೆದ್ದಿದ್ರಾ?

ಇಲ್ಲ, ಎರಡು ಸಲ ಪೋಷಕ ನಟ ವಿಭಾಗದಲ್ಲಿ ನಾಮಿನೇಟ್ ಆದ್ರು. 1960ರ ಮರ್ಡರ್ ಇಂಕ್‌ನಲ್ಲಿ ಏಬ್ ರೆಲೆಸ್ ಅನ್ನೋ ನಿಜವಾಗ್ಲೂ ಇದ್ದ ಬ್ರೂಕ್ಲಿನ್ ಸುಪಾರಿ ಹಂತಕನ ಪಾತ್ರ, ನೋಡಿದ್ರೆ ಮೈ ಜುಂ ಅನ್ನುತ್ತೆ, ಆ ಮೆತ್ತಗಿನ ಕೊಲಂಬೊ ಇವನೇನಾ ಅಂತ ನಂಬೋಕಾಗಲ್ಲ. ಇನ್ನೊಂದು 1961ರ ಪಾಕೆಟ್‌ಫುಲ್ ಆಫ್ ಮಿರಾಕಲ್ಸ್, ಫ್ರ್ಯಾಂಕ್ ಕಾಪ್ರಾ ಕೊನೇದಾಗಿ ನಿರ್ದೇಶನ ಮಾಡಿದ ಕಥಾಚಿತ್ರ. ಮೊದಲನೇ ಸಲ ವೇದಿಕೆ ಮೇಲೆ ಪೀಟರ್ ಅಂತ ಹೆಸರು ಕೂಗಿದ ತಕ್ಷಣ ಇವ್ರು ಎದ್ದು ನಿಂತ್ಕೊಳೋಕೆ ಹೋದ್ರಂತೆ, ಆಮೇಲೆ ಕೇಳಿಸಿದ್ದು ಉಸ್ತಿನೋವ್ ಅಂತ. ಆ ವರ್ಷ ಪ್ರಶಸ್ತಿ ಹೋಗಿದ್ದು ಪೀಟರ್ ಉಸ್ತಿನೋವ್‌ಗೆ.

ಟಿವಿ ಕಡೆ ಮಾತ್ರ ಬೇಗ ಗೆದ್ರು. ಟೊಮ್ಯಾಟೊ ತುಂಬಿದ ಲಾರಿ ಓಡಿಸೋ ಡ್ರೈವರ್ ಪಾತ್ರ ಮಾಡಿದ ದಿ ಪ್ರೈಸ್ ಆಫ್ ಟೊಮೇಟೋಸ್‌ಗೆ 1962ರಲ್ಲಿ ಮೊದಲ ಎಮ್ಮಿ ಬಂತು, ಅಮೆರಿಕದ ದೊಡ್ಡ ಟಿವಿ ಪ್ರಶಸ್ತಿ ಅದು.

ಕೊಲಂಬೊ ಪಾತ್ರ ಇವರಿಗೋಸ್ಕರಾನೇ ಬರೆದಿದ್ದಾ?

ಅಲ್ಲವೇ ಅಲ್ಲ. ರಿಚರ್ಡ್ ಲೆವಿನ್ಸನ್, ವಿಲಿಯಂ ಲಿಂಕ್ ಅಂತ ಸ್ಕೂಲ್ ದಿನಗಳಿಂದ ಸ್ನೇಹಿತರಾಗಿದ್ದ ಇಬ್ಬರು ಬರಹಗಾರರು ಹುಟ್ಟಿಸಿದ ಪಾತ್ರ ಅದು. 1960ರಲ್ಲಿ ಟಿವಿಲಿ ಬರ್ಟ್ ಫ್ರೀಡ್ ಅನ್ನೋರು ಮಾಡಿದ್ರು, ಆಮೇಲೆ ಅದನ್ನೇ ನಾಟಕ ಮಾಡಿದಾಗ ಥಾಮಸ್ ಮಿಚೆಲ್ ಮಾಡಿದ್ರು, ಅವ್ರು 1962ರ ಕೊನೇಲಿ ತೀರ್ಕೊಂಡ್ರು. 1968ರಲ್ಲಿ ಟಿವಿ ಸಿನಿಮಾ ಮಾಡೋಣ ಅಂದಾಗ ಲೇಖಕರ ತಲೇಲಿ ಇದ್ದಿದ್ದು ವಯಸ್ಸಾದ ನಟರು, ಲೀ ಜೆ ಕಾಬ್, ಬಿಂಗ್ ಕ್ರಾಸ್ಬಿ ಹೆಸರೆಲ್ಲ ಬಂತು, ಯಾವ್ದೂ ಕೂಡಿ ಬರಲಿಲ್ಲ. ಫಾಕ್ ಸ್ಕ್ರಿಪ್ಟ್ ಓದಿ ಈ ಪೊಲೀಸ್ ಪಾತ್ರ ನನಗೇ ಬೇಕು ಅಂತ ಹಠ ಹಿಡಿದ್ರು. ಆಗ ಅವ್ರಿಗೆ ನಲವತ್ತು, ಪಾತ್ರಕ್ಕೆ ವಯಸ್ಸು ಕಮ್ಮಿ ಅಂತ ಅನುಮಾನ ಇತ್ತು.

1968ರ ಫೆಬ್ರವರಿ 20ಕ್ಕೆ ಪ್ರಿಸ್ಕ್ರಿಪ್ಷನ್ ಮರ್ಡರ್ ಬಂತು. ಅದರಲ್ಲಿ ಕೊಲಂಬೊ ಕೂದಲು ನೀಟಾಗಿ ಬಾಚಿದೆ, ಮಾತೂ ಸ್ವಲ್ಪ ಖಾರ, ಪೂರ್ತಿ ಕೊಲಂಬೊ ಇನ್ನೂ ಆಗಿಲ್ಲ. 1971ರಲ್ಲಿ ಇನ್ನೊಂದು ಪೈಲಟ್, ಅಂದ್ರೆ ಸೀರೀಸಿಗೆ ಮುಂಚೆ ಮಾಡಿ ನೋಡೋ ಪ್ರಯೋಗದ ಎಪಿಸೋಡ್, ಅದೇ ವರ್ಷ ಸೆಪ್ಟೆಂಬರಿಂದ ಎನ್‌ಬಿಸಿ ಚಾನೆಲಲ್ಲಿ ಸೀರೀಸ್.

ಕೊಲೆಗಾರ ಯಾರು ಅಂತ ಮೊದ್ಲೇ ತೋರಿಸ್ಬಿಟ್ರೆ ನೋಡೋಕೇನಿದೆ?

ಎಲ್ಲರೂ ಮೊದ್ಲು ಇದನ್ನೇ ಕೇಳೋದು. ಯಾರು ಮಾಡಿದ್ದು ಅನ್ನೋ ಕುತೂಹಲ ತೆಗೆದುಬಿಟ್ರೆ ಉಳಿಯೋದು ಸಿಕ್ಕಿಬೀಳೋದು ಹೆಂಗೆ ಅನ್ನೋದು. ಮೊದಲ ಹದಿನೈದು ಇಪ್ಪತ್ತು ನಿಮಿಷ ಕೊಲಂಬೊ ಬರೋದೇ ಇಲ್ಲ, ಒಬ್ಬ ಶ್ರೀಮಂತ, ಬುದ್ಧಿವಂತ, ಸೊಕ್ಕಿನ ಮನುಷ್ಯ ಕೂತು ಲೆಕ್ಕ ಹಾಕಿ ಕೊಲೆ ಮಾಡ್ತಾನೆ, ಸರ್ಜನ್ನು, ವಕೀಲ, ಸಂಗೀತಗಾರ, ವೈನ್ ವ್ಯಾಪಾರಿ ಹಿಂಗೆ. ಆಮೇಲೆ ಮುದುರಿದ ಕೋಟಲ್ಲಿ, ಅರ್ಧ ಸೇದಿದ ಚುಟ್ಟ ಹಿಡ್ಕೊಂಡು, ಜೇಬಲ್ಲಿ ಪೆನ್ಸಿಲ್ ಹುಡುಕ್ತಾ ಇವನು ಬರ್ತಾನೆ. ಆ ದೊಡ್ಡ ಮನುಷ್ಯ ಇವನನ್ನ ನೋಡಿ ಇವನೇನ್ ಕಂಡುಹಿಡಿತಾನೆ ಅಂದ್ಕೋತಾನೆ, ನಮಗೆ ಗೊತ್ತು ಏನಾಗುತ್ತೆ ಅಂತ, ಆದ್ರೂ ಕಣ್ಣು ಕೀಳೋಕಾಗಲ್ಲ.

ನನ್ನ ಪ್ರಕಾರ ಕೊಲಂಬೊದ ಜೀವ ಇರೋದು ಈ ಅಂತಸ್ತಿನ ಆಟದಲ್ಲಿ. ಅವನು ಯಾರ ಮೇಲೂ ಕೂಗಾಡಲ್ಲ, ಗನ್ ಹಿಡಿಯಲ್ಲ, ಹೊಡೆಯಲ್ಲ, ಸಾರ್ ಮೇಡಂ ಅಂತಾನೇ ಮಾತಾಡಿಸ್ತಾನೆ, ದೊಡ್ಡ ಮನೆ ನೋಡಿದ್ರೆ ನಿಜವಾಗ್ಲೂ ಬೆರಗಾಗಿ ಈ ಶೂಗೆ ಎಷ್ಟು ಕೊಟ್ರಿ ಅಂತ ಕೇಳ್ತಾನೆ. ಆ ವಿನಯ ಬಲೆ ಅಂತ ಎಷ್ಟೋ ಜನ ಹೇಳ್ತಾರೆ, ಬಲೆ ಹೌದು, ಆದ್ರೆ ಫಾಕ್ ಅದನ್ನ ಬರೀ ನಾಟಕ ಅಂತ ಮಾಡಿಲ್ಲ. ಅವ್ನಿಗೆ ನಿಜಕ್ಕೂ ಜನ ಅಂದ್ರೆ ಆಸಕ್ತಿ, ಕೆಲವು ಕೊಲೆಗಾರರನ್ನ ಕಂಡ್ರೆ ಇಷ್ಟಾನೂ ಇದೆ. 1973ರ ಎನಿ ಓಲ್ಡ್ ಪೋರ್ಟ್ ಇನ್ ಎ ಸ್ಟಾರ್ಮ್ ಎಪಿಸೋಡಲ್ಲಿ ಡೊನಾಲ್ಡ್ ಪ್ಲೆಸೆನ್ಸ್ ಮಾಡಿರೋ ವೈನ್ ಹುಚ್ಚಿನ ಮನುಷ್ಯನ ಜೊತೆ ಕೊನೇಲಿ ಕಾರಲ್ಲಿ ಕೂತು ಒಂದೊಂದು ಗ್ಲಾಸ್ ವೈನ್ ಕುಡಿಯೋ ಸೀನ್ ನೋಡಿ, ಪೊಲೀಸು ಕಳ್ಳ ಅನ್ನೋದೆಲ್ಲ ಮರೆತುಹೋಗುತ್ತೆ.

ಕೋಟು, ಕಾರು, ನಾಯಿ?

ಕೋಟು ಫಾಕ್ ಅವರದ್ದೇ. ನ್ಯೂಯಾರ್ಕಿನ 57ನೇ ಬೀದಿಲಿ ಮಳೆ ಬಂದಾಗ ಅಂಗಡಿಗೆ ನುಗ್ಗಿ 15 ಡಾಲರ್‌ಗೆ ತಗೊಂಡಿದ್ದು, ಸ್ಟುಡಿಯೋ ಕೊಟ್ಟ ಬಟ್ಟೆ ಇಷ್ಟ ಆಗ್ದೇ ಮನೆ ಬೀರುವಿಂದ ತಂದು ಹಾಕ್ಕೊಂಡ್ರು. ಕಾರು ಫ್ರಾನ್ಸಿನ ಪೂಜೋ 403, 1959ರ ಮಾಡೆಲ್, ಮೇಲ್ಛಾವಣಿ ಮಡಚೋದು. ಯೂನಿವರ್ಸಲ್ ಸ್ಟುಡಿಯೋದ ಗ್ಯಾರೇಜಲ್ಲಿ ಸಾಲಾಗಿ ನಿಂತ ಕಾರುಗಳಲ್ಲಿ ಮೂಲೇಲಿ ಟೈರ್ ಪಂಕ್ಚರ್ ಆಗಿ ಬಣ್ಣ ಹೋಗಿ ನಿಂತಿದ್ದನ್ನ ನೋಡಿ ಇದೇ ಅಂದ್ರು.

ನಾಯಿ ಸೇರಿಸೋಣ ಅಂದಾಗ ಮಾತ್ರ ಫಾಕ್ ಒಪ್ಪಲಿಲ್ಲ, ಕೋಟು ಇದೆ ಕಾರಿದೆ ಚುಟ್ಟ ಇದೆ ಇನ್ನೆಷ್ಟು ಅಂತ. ಆಮೇಲೆ ಆ ಬ್ಯಾಸೆಟ್ ಹೌಂಡ್ ನಾಯಿನ ತಂದು ತೋರಿಸಿದ್ರು, ಜೊಲ್ಲು ಸುರಿಸ್ಕೊಂಡು ಎದ್ದು ನಿಲ್ಲೋಕೂ ಬೇಜಾರು ಅನ್ನೋ ಥರ ಇತ್ತು, ನೋಡಿದ ತಕ್ಷಣ ಒಪ್ಕೊಂಡ್ರು. 1972ರ ಎತ್ಯೂಡ್ ಇನ್ ಬ್ಲ್ಯಾಕ್‌ನಲ್ಲಿ ಮೊದಲ ಸಲ ಬರುತ್ತೆ. ಅದಕ್ಕೆ ಹೆಸರೇ ಇಡಲಿಲ್ಲ, ನಾಯಿ ಅಂತಾನೇ ಕರೀತಾನೆ.

ಬಾಗಿಲ ತನಕ ಹೋಗಿ ತಿರುಗಿ ಬಂದು ಇನ್ನೊಂದೇ ಒಂದು ವಿಷಯ ಸಾರ್ ಅಂತಾನಲ್ಲ, ಅದು ಯಾರ ಐಡಿಯಾ?

ಬರಹಗಾರರದ್ದು, ಅದೂ ಆಕಸ್ಮಿಕ. ನಾಟಕ ಟೈಪ್ ಮಾಡ್ತಿದ್ದಾಗ ಒಂದು ಸೀನಲ್ಲಿ ಕೊಲಂಬೊನ ಹೊರಗೆ ಕಳಿಸಿಯಾಗಿತ್ತು, ಆಮೇಲೆ ಇನ್ನೂ ಒಂದು ಪ್ರಶ್ನೆ ಕೇಳಿಸ್ಬೇಕಿತ್ತು ಅಂತ ನೆನಪಾಯ್ತು, ಇಡೀ ಸೀನ್ ಮತ್ತೆ ಟೈಪ್ ಮಾಡೋಕೆ ಬೇಜಾರಾಗಿ ಅವನನ್ನೇ ವಾಪಸ್ ಕರೆಸಿಬಿಟ್ರು. ಇದನ್ನ ಲಿಂಕ್ ಅವ್ರೇ ಹೇಳಿದಾರೆ. ಆದ್ರೆ ಕಾಗದದ ಮೇಲಿದ್ದ ಆ ಸಾಲಿಗೆ ಜೀವ ಕೊಟ್ಟಿದ್ದು ಫಾಕ್, ಆ ಹಣೆ ಮೇಲಿನ ಕೈ, ಅರ್ಧ ತಿರುಗೋದು, ಛೇ ನಿಮಗೆ ತೊಂದರೆ ಕೊಡ್ತಿದೀನಿ ಅನ್ನೋ ಮುಖ, ಅದ್ಯಾವ್ದನ್ನೂ ಟೈಪ್ ಮಾಡೋಕಾಗಲ್ಲ.

ಸೆಟ್ಟಲ್ಲಿ ಅವ್ರು ಇನ್ನೂ ಒಂದು ಕೆಲಸ ಮಾಡ್ತಿದ್ರು. ಕ್ಯಾಮರಾ ಓಡ್ತಿರುವಾಗ ಸ್ಕ್ರಿಪ್ಟಲ್ಲಿ ಇಲ್ಲದ್ದನ್ನ ಸೇರಿಸೋದು, ಜೇಬು ತಡಕೋದು, ಎದುರಿನ ನಟನ ಹತ್ರ ಪೆನ್ಸಿಲ್ ಕೇಳೋದು, ಸಂಬಂಧ ಇಲ್ಲದ ಮಾತು ತೆಗೆಯೋದು. ಎದುರಿಗಿದ್ದವ್ರಿಗೆ ನಿಜವಾಗ್ಲೂ ಕಿರಿಕಿರಿ ಆಗ್ತಿತ್ತು, ಪರದೆ ಮೇಲೆ ನಮಗೆ ಕಾಣೋ ಆ ಅಸಹನೆ ಎಷ್ಟೋ ಕಡೆ ಅಸಲಿ.

ಸ್ಪೀಲ್‌ಬರ್ಗ್ ಕೊಲಂಬೊ ಡೈರೆಕ್ಟ್ ಮಾಡಿದಾರಾ?

ಹೌದು, ಸೀರೀಸಿನ ಮೊದಲ ಎಪಿಸೋಡ್ ಮರ್ಡರ್ ಬೈ ದ ಬುಕ್, 1971ರ ಸೆಪ್ಟೆಂಬರ್ 15ಕ್ಕೆ ಬಂತು, ಆಗ ಸ್ಟೀವನ್ ಸ್ಪೀಲ್‌ಬರ್ಗ್‌ಗೆ 24 ವರ್ಷ. ಫಾಕ್ ಕೂಡ 1972ರಲ್ಲಿ ಬ್ಲೂಪ್ರಿಂಟ್ ಫಾರ್ ಮರ್ಡರ್ ಅನ್ನೋ ಒಂದು ಎಪಿಸೋಡ್ ಡೈರೆಕ್ಟ್ ಮಾಡಿದ್ರು.

ಕೊಲಂಬೊ ಪೂರ್ತಿ ಹೆಸರೇನು? ಹೆಂಡತಿ ಕಾಣಿಸ್ಕೋತಾಳಾ?

ಹೆಸರು ಹೇಳಲ್ಲ, ಯಾರಾದ್ರೂ ಕೇಳಿದ್ರೆ ಲೆಫ್ಟಿನೆಂಟ್ ಅಂತಾನೆ ಅಷ್ಟೇ. ಗುರುತಿನ ಚೀಟಿ ತೋರಿಸೋ ಒಂದು ಶಾಟ್ ನಿಲ್ಲಿಸಿ ನೋಡಿದ್ರೆ ಫ್ರ್ಯಾಂಕ್ ಅಂತ ಕಾಣುತ್ತೆ, ಆದ್ರೆ ಅದನ್ನ ಕಥೇಲಿ ಯಾವತ್ತೂ ಎತ್ತಿಲ್ಲ. ಫಿಲಿಪ್ ಅಂತ ಕೆಲವು ಕಡೆ ಇರೋದು ಸುಳ್ಳು. ಟ್ರಿವಿಯಾ ಪುಸ್ತಕ ಬರೆದ ಒಬ್ಬ ಲೇಖಕ ತನ್ನದನ್ನ ಯಾರಾದ್ರೂ ಕದ್ರೆ ಗೊತ್ತಾಗ್ಲಿ ಅಂತ ಬೇಕಂತಲೇ ಆ ಸುಳ್ಳು ಹೆಸರು ಹಾಕಿದ್ರು, ಟ್ರಿವಿಯಲ್ ಪರ್ಸ್ಯೂಟ್ ಅನ್ನೋ ಕ್ವಿಜ್ ಆಟದಲ್ಲಿ ಅದೇ ಬಂತು, 1984ರಲ್ಲಿ 30 ಕೋಟಿ ಡಾಲರ್ ಕೇಳಿ ಕೇಸ್ ಹಾಕಿದ್ರು, ಮಾಹಿತಿ ಮೇಲೆ ಕಾಪಿರೈಟ್ ಇರಲ್ಲ ಅಂತ ಕೋರ್ಟಲ್ಲಿ ಸೋತ್ರು.

ಹೆಂಡತಿ ಬಗ್ಗೆ ಅವನು ಮಾತಾಡದೇ ಇರೋ ಎಪಿಸೋಡ್ ಕಮ್ಮಿ, ಆದ್ರೆ ಒಂದ್ಸಲಾನೂ ತೋರಿಸಲ್ಲ. 1979ರಲ್ಲಿ ಆ ಹೆಂಡತಿನೇ ಇಟ್ಕೊಂಡು ಬೇರೆ ಸೀರಿಯಲ್ ಒಂದು ಮಾಡಿದ್ರು, ಫಾಕ್ ಅದರಲ್ಲಿ ಇಲ್ಲ, ಲೆವಿನ್ಸನ್ ಲಿಂಕ್ ಇಬ್ಬರಿಗೂ ಅದು ಬೇಡವಾಗಿತ್ತು. ಒಳ್ಳೆ ನಟಿ ಕೇಟ್ ಮಲ್ಗ್ರೂ ಇದ್ರೂ ಓಡಲಿಲ್ಲ. ಓಡಬಾರದಿತ್ತು ಅಂತಾನೇ ನನ್ನ ಅಭಿಪ್ರಾಯ, ಕಾಣಿಸದೇ ಇರೋದರಲ್ಲೇ ಆ ಹೆಂಡತಿಯ ಚೆಂದ ಇರೋದು.

ಒಟ್ಟು ಎಷ್ಟು ಎಪಿಸೋಡು, ಎಷ್ಟು ಎಮ್ಮಿ?

ಎರಡು ಪೈಲಟ್ ಸೇರಿ 69. ಎನ್‌ಬಿಸಿಲಿ 1978ರ ತನಕ 45, ಹತ್ತು ವರ್ಷ ಬಿಟ್ಟು 1989ರಿಂದ ಎಬಿಸಿಲಿ 24, ಕೊನೇದು 2003ರ ಜನವರಿಲಿ. ಒಂದೊಂದೂ ಸಣ್ಣ ಸಿನಿಮಾ ಥರಾನೇ ಎಪ್ಪತ್ತೈದು ನಿಮಿಷದಿಂದ ಒಂದೂವರೆ ಗಂಟೆ ಮೇಲೆ ಇರುತ್ತೆ. ಕೊಲಂಬೊಗೆ ನಾಲ್ಕು ಎಮ್ಮಿ, 1972, 1975, 1976, ಮತ್ತೆ 1990. ಹಳೇದೊಂದು ಸೇರಿ ಒಟ್ಟು ಐದು. ಹೊಸ ಸೀಸನ್‌ಗಳು ಹಳೇವಷ್ಟು ಚೆನ್ನಾಗಿಲ್ಲ, ಒಪ್ಕೊಳ್ಳೇಬೇಕು, ಆದ್ರೆ ನಟ ಪ್ಯಾಟ್ರಿಕ್ ಮೆಕ್‌ಗೂಹನ್ ಇರೋವು ಬಿಡ್ಬೇಡಿ.

ಕೊಲಂಬೊ ಬಿಟ್ಟು ಏನ್ ನೋಡ್ಬೇಕು?

ಇದಕ್ಕೆ ಉದ್ದಕ್ಕೆ ಉತ್ತರ ಕೊಡ್ತೀನಿ, ಯಾಕಂದ್ರೆ ಯಾರೂ ಕೇಳಲ್ಲ, ಕೇಳ್ಬೇಕಿತ್ತು.

ಜಾನ್ ಕಸವೆಟಿಸ್ ಅಂತ ಒಬ್ಬ ನಟ, ನಿರ್ದೇಶಕ ಇದ್ರು. ಬೇರೆಯವ್ರ ಸಿನಿಮಾಗಳಲ್ಲಿ ನಟಿಸಿ ದುಡಿದ ದುಡ್ಡನ್ನ ತಂದು ಸ್ಟುಡಿಯೋ ಹಂಗಿಲ್ಲದೆ ತನ್ನ ಸಿನಿಮಾ ಮಾಡ್ತಿದ್ರು, ಕಥೆ ಅಂತ ಹೇಳೋಕಿರಲ್ಲ, ಜನ ಇರ್ತಾರೆ, ಅವ್ರ ಕುಡಿತ, ಜಗಳ, ಪ್ರೀತಿ. ಫಾಕ್, ಬೆನ್ ಗಜಾರಾ, ಕಸವೆಟಿಸ್ ಮೂವರೂ ಸೇರಿ 1970ರಲ್ಲಿ ಹಸ್ಬೆಂಡ್ಸ್ ಮಾಡಿದ್ರು. ಆ ಶೂಟಿಂಗಲ್ಲಿ ಫಾಕ್‌ಗೆ ತಲೆ ಕೆಟ್ಟುಹೋಗಿತ್ತು, ನಿರ್ದೇಶಕರು ಏನ್ ಹೇಳ್ತಿದಾರೆ ಅಂತಾನೇ ಅರ್ಥ ಆಗ್ತಿರಲಿಲ್ಲ, ಇನ್ಮೇಲೆ ಇವ್ರ ನಿರ್ದೇಶನದಲ್ಲಿ ಮಾಡಲ್ಲ ಅಂದ್ಕೊಂಡ್ರಂತೆ. ಆದ್ರೆ ಎ ವುಮನ್ ಅಂಡರ್ ದಿ ಇನ್‌ಫ್ಲುಯೆನ್ಸ್ ಸ್ಕ್ರಿಪ್ಟ್ ಬಂದಾಗ ಯಾವ ಸ್ಟುಡಿಯೋನೂ ದುಡ್ಡು ಹಾಕಲ್ಲ ಅಂದ್ರು, ಆಗ ಕಸವೆಟಿಸ್ ಮನೆ ಅಡ ಇಟ್ರು, ಫಾಕ್ ಕೊಲಂಬೊದಿಂದ ದುಡಿದ ದುಡ್ಡಲ್ಲಿ 5 ಲಕ್ಷ ಡಾಲರ್ ಹಾಕಿದ್ರು. ಆ ಕಾಲದ 5 ಲಕ್ಷ.

ಸಿನಿಮಾ 1974ರಲ್ಲಿ ಬಂತು. ಫಾಕ್ ಅದರಲ್ಲಿ ನಿಕ್, ಕಟ್ಟಡ ಕೆಲಸದ ಮೇಸ್ತ್ರಿ. ಹೆಂಡತಿ ಮೇಬಲ್ ಆಗಿ ಜೀನಾ ರೋಲೆಂಡ್ಸ್, ಮನಸ್ಸಿನ ತೋಲ ತಪ್ಪುತ್ತಿರೋ ಹೆಂಗಸು. ರಾತ್ರಿ ಪಾಳಿ ಮುಗಿಸಿ ನಿಕ್ ತನ್ನ ಜೊತೆ ಕೆಲಸ ಮಾಡೋ ಹತ್ತು ಜನ ಗಂಡಸರನ್ನ ಬೆಳ್ಳಂಬೆಳಿಗ್ಗೆ ಮನೆಗೆ ಕರ್ಕೊಂಡು ಬರ್ತಾನೆ, ಆಕೆ ಎಲ್ಲರಿಗೂ ಸ್ಪಾಗೆಟಿ ಮಾಡಿ ಬಡಿಸ್ತಾಳೆ, ಒಬ್ಬೊಬ್ಬರನ್ನೂ ಮಾತಾಡಿಸ್ತಾಳೆ, ಖುಷಿ ಖುಷಿಯಾಗಿರೋ ಆ ಊಟ ನೋಡ್ತಾ ನೋಡ್ತಾ ಎಲ್ಲೋ ಹಳಿ ತಪ್ಪುತ್ತೆ, ನಿಕ್ ಒಮ್ಮೆಲೇ ಗದರ್ತಾನೆ, ಮೇಜು ಪೂರ್ತಿ ಮೌನ. ಅವನು ಕೆಟ್ಟವನಲ್ಲ. ಅವಳನ್ನ ಜೀವಕ್ಕಿಂತ ಹೆಚ್ಚು ಪ್ರೀತಿಸ್ತಾನೆ, ಆದ್ರೆ ನಾಲ್ಕು ಜನರೆದುರು ಮರ್ಯಾದೆ ಅನ್ನೋದು ಅವನನ್ನ ತಿಂತಿರುತ್ತೆ, ಏನ್ ಮಾಡ್ಬೇಕು ಅಂತ ಗೊತ್ತಾಗ್ದೇ ಕೂಗಾಡ್ತಾನೆ, ಹೊಡೀತಾನೆ. ಅಂಥ ಗಂಡಸರನ್ನ ನಾವೆಲ್ಲ ನೋಡಿದೀವಿ, ನಮ್ಮ ಮನೆಗಳಲ್ಲೇ ನೋಡಿದೀವಿ. ರೋಲೆಂಡ್ಸ್‌ಗೆ ಆಸ್ಕರ್ ನಾಮಿನೇಷನ್ ಬಂತು, ಅದು ನ್ಯಾಯವೇ, ಕಸವೆಟಿಸ್‌ಗೂ ಬಂತು. ಫಾಕ್‌ಗೆ ಬರಲಿಲ್ಲ. ನನ್ನ ಕೇಳಿದ್ರೆ ಅವ್ರ ಇಡೀ ಜೀವನದ ಅತಿ ದೊಡ್ಡ ನಟನೆ ಇದೇ, ಕೊಲಂಬೊಗಿಂತಲೂ ಒಂದು ಕೈ ಮೇಲೆ. ವಿತರಕರು ಸಿಗ್ದೇ ಕಸವೆಟಿಸ್ ತಾವೇ ಥಿಯೇಟರ್‌ಗಳಿಗೆ ಫೋನ್ ಮಾಡಿ ರಿಲೀಸ್ ಮಾಡಿದ್ರು, ಅದೇ ಸಿನಿಮಾನ 1990ರಲ್ಲಿ ಅಮೆರಿಕದ ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿಗೆ, ಅಂದ್ರೆ ಕಾಪಾಡಿ ಉಳಿಸ್ಬೇಕಾದ ಸಿನಿಮಾಗಳ ಪಟ್ಟಿಗೆ ಸೇರಿಸಿದ್ರು.

ಇದು ಭಾರ ಆಯ್ತು ಅನ್ಸಿದ್ರೆ 1979ರ ದಿ ಇನ್-ಲಾಸ್ ನೋಡಿ, ಅಲನ್ ಆರ್ಕಿನ್ ಪಾಪದ ಡೆಂಟಿಸ್ಟು, ಫಾಕ್ ಬೀಗರು, ಸಿಐಎ ಅಂತಾರೆ ನಿಜಾನೋ ಸುಳ್ಳೋ ಗೊತ್ತಿಲ್ಲ, ಹೊಟ್ಟೆ ಹುಣ್ಣಾಗೋಷ್ಟು ನಗು. ಮಕ್ಕಳ ಜೊತೆ ನೋಡೋಕೆ 1987ರ ದಿ ಪ್ರಿನ್ಸೆಸ್ ಬ್ರೈಡ್, ಹುಷಾರಿಲ್ಲದ ಮೊಮ್ಮಗನಿಗೆ ಕಥೆ ಓದೋ ತಾತ ಅವ್ರೇ.

ಜರ್ಮನ್ ಸಿನಿಮಾದಲ್ಲಿ ದೇವದೂತ ಆಗಿದ್ರಂತೆ?

1987ರ ವಿಂಗ್ಸ್ ಆಫ್ ಡಿಸೈರ್, ನಿರ್ದೇಶಕ ವಿಮ್ ವೆಂಡರ್ಸ್. ಬರ್ಲಿನ್ ಗೋಡೆ ಇನ್ನೂ ನಿಂತಿದ್ದ ಕಾಲ. ಫಾಕ್ ಅದರಲ್ಲಿ ಪೀಟರ್ ಫಾಕ್ ಆಗೇ ಬರ್ತಾರೆ, ಶೂಟಿಂಗಿಗೆ ಅಂತ ಬರ್ಲಿನ್‌ಗೆ ಬಂದ ನಟ, ಬೀದಿ ಹುಡುಗ್ರು ನೋಡಿ ಕೊಲಂಬೊ ಅಂತಾರೆ. ಆದ್ರೆ ಅವ್ರು ಹಿಂದೊಮ್ಮೆ ದೇವದೂತ ಆಗಿದ್ದು, ಮನುಷ್ಯನಾಗೋಕೆ ಅದನ್ನ ಬಿಟ್ಟು ಬಂದವ್ರು. ಚಳೀಲಿ ರಸ್ತೆ ಬದಿ ಗಾಡಿ ಹತ್ರ ನಿಂತು, ಕಣ್ಣಿಗೆ ಕಾಣದ ದೇವದೂತನಿಗೆ, ನೀನು ಕಾಣಿಸ್ತಿಲ್ಲ ಆದ್ರೆ ಇಲ್ಲೇ ಇದೀಯ ಅಂತ ಗೊತ್ತು ಅಂತ ಕೈ ಚಾಚ್ತಾರೆ, ಬಿಸಿ ಕಾಫಿ ಕುಡಿಯೋದು, ಕೈಗೆ ಕೈ ಉಜ್ಜೋದು ಎಷ್ಟು ಚೆನ್ನಾಗಿರುತ್ತೆ ಅಂತ ಹೇಳ್ತಾರೆ. ಬೇರೆ ಯಾರು ಹೇಳಿದ್ರೂ ಬೋಧನೆ ಆಗ್ತಿತ್ತು. ಅದರಲ್ಲಿ ಅವ್ರು ಪುಸ್ತಕದಲ್ಲಿ ಜನರ ಸ್ಕೆಚ್ ಮಾಡ್ತಾ ಇರ್ತಾರೆ, ಅದೂ ನಿಜ ಜೀವನದ್ದೇ, ಇದ್ದಲಲ್ಲಿ ಚಿತ್ರ ಬರೆಯೋದು ಅವ್ರಿಗೆ ದೊಡ್ಡ ಹುಚ್ಚು.

ಅಮೆರಿಕ ಬಿಟ್ಟು ಹೊರಗೂ ಅಷ್ಟು ಫೇಮಸ್ಸಾ?

ಜಪಾನಲ್ಲಿ ಎನ್‌ಎಚ್‌ಕೆ ಚಾನೆಲ್ ತೋರಿಸಿ ಮನೆಮಾತಾಗಿತ್ತು. ಚೌಷೆಸ್ಕು ಅನ್ನೋ ಸರ್ವಾಧಿಕಾರಿ ಕಾಲದ ರೊಮೇನಿಯಾದಲ್ಲಿ ಎಪಿಸೋಡ್ ಮುಗಿದುಹೋದಾಗ ಸರ್ಕಾರವೇ ತಡೆಹಿಡಿದಿದೆ ಅಂತ ಜನ ಸಿಟ್ಟಾದ್ರು, ಮುಂದಿನ ಎಪಿಸೋಡ್‌ಗಳು ಇನ್ನೂ ತಯಾರಾಗ್ತಿವೆ ಅಂತ ರೊಮೇನಿಯನ್ ಭಾಷೇಲಿ ವಿಡಿಯೋ ಮಾಡಿ ಕೊಡಿ ಅಂತ ನನ್ನನ್ನ ಕೇಳಿದ್ರು ಅಂತ ಫಾಕ್ ಟಿವಿ ಇಂಟರ್ವ್ಯೂಲಿ ಹೇಳಿದ್ರು. ಬುಡಾಪೆಸ್ಟಲ್ಲಿ 2014ರಲ್ಲಿ ಕೊಲಂಬೊ ಮತ್ತು ನಾಯಿಯ ಕಂಚಿನ ಪ್ರತಿಮೆ ನಿಲ್ಲಿಸಿದ್ರು, ಮಿಕ್ಷಾ ಫಾಕ್ ಅನ್ನೋ ಹಂಗೇರಿ ರಾಜಕಾರಣಿ ಹೆಸರಿನ ಬೀದಿಲಿ. ಇಬ್ಬರೂ ಸಂಬಂಧಿಕರು ಅಂತಾರೆ, ಅದಕ್ಕೆ ಪುರಾವೆ ಇಲ್ಲ.

ಮದುವೆ, ಮಕ್ಕಳು?

ಮೊದಲ ಮದುವೆ 1960ರಲ್ಲಿ, ಇಬ್ಬರು ಹೆಣ್ಣುಮಕ್ಕಳನ್ನ ದತ್ತು ತಗೊಂಡಿದ್ರು, 1976ರಲ್ಲಿ ಡಿವೋರ್ಸ್. 1977ರಲ್ಲಿ ನಟಿ ಶೆರಾ ಡನೀಸ್ ಜೊತೆ ಮದುವೆ, ಕೊನೆ ತನಕ ಜೊತೆಗಿದ್ರು, ಆರು ಕೊಲಂಬೊ ಎಪಿಸೋಡಲ್ಲಿ ಬೇರೆ ಬೇರೆ ಪಾತ್ರದಲ್ಲಿ ಬರ್ತಾರೆ.

ಕೊನೆ ದಿನಗಳಲ್ಲಿ ಏನಾಯ್ತು?

2006ರಲ್ಲಿ ಆತ್ಮಕಥೆ ಬಂತು. ಇನ್ನೊಂದು ಕೊಲಂಬೊ ಮಾಡ್ಬೇಕು ಅಂತ ಆಸೆ ಇತ್ತು, ಆಗ್ಲಿಲ್ಲ. ಆಮೇಲೆ ಮರೆವಿನ ಕಾಯಿಲೆ, ಆಲ್ಜೈಮರ್ಸ್. 2008ರಲ್ಲಿ ಬೆವರ್ಲಿ ಹಿಲ್ಸ್ ರಸ್ತೆಲಿ ಗೊಂದಲದಲ್ಲಿ ಅಲೀತಿದ್ದ ಫೋಟೋಗಳನ್ನ ತೆಗೆದು ಹಾಕಿದ್ರು. ಆ ಫೋಟೋ ದಯವಿಟ್ಟು ಹುಡುಕ್ಬೇಡಿ, ಹಂಚ್ಬೇಡಿ, ಕಾಯಿಲೆ ಬಿದ್ದ ಮನುಷ್ಯನ್ನ ಹಂಗೆ ಹಿಂಬಾಲಿಸಿ ಕ್ಯಾಮರಾ ಹಿಡಿಯೋದು ಯಾವ ನ್ಯಾಯ? 2009ರಲ್ಲಿ ಅವ್ರನ್ನ ಯಾರು ನೋಡ್ಕೋಬೇಕು ಅಂತ ಕೋರ್ಟಿಗೆ ಹೋಯ್ತು, ಕೊಲಂಬೊ ಅನ್ನೋ ಪಾತ್ರ ಮಾಡಿದ್ದೇ ಅವ್ರಿಗೆ ನೆನಪಿಲ್ಲ ಅಂತ ಡಾಕ್ಟರ್ ಸಾಕ್ಷಿ ಹೇಳಿದ್ರು. ಕೋರ್ಟು ಜವಾಬ್ದಾರಿ ಹೆಂಡತಿಗೆ ಕೊಡ್ತು. ಅಪ್ಪನ್ನ ನೋಡೋಕೆ ಕಷ್ಟ ಆಯ್ತು ಅಂತ ಮಗಳೊಬ್ರು ಆಮೇಲೆ ಹೋರಾಡಿದ್ರು, ಅದರ ಫಲವಾಗಿ ನ್ಯೂಯಾರ್ಕ್ ಸೇರಿ ಕೆಲವು ರಾಜ್ಯಗಳಲ್ಲಿ, ಪಾಲಕರ ಸುಪರ್ದಿಲಿರೋ ಹಿರಿಯರನ್ನ ಮಕ್ಕಳು ಭೇಟಿ ಮಾಡೋ ಬಗ್ಗೆ ಕಾನೂನು ಬಂತು, ಅದಕ್ಕೆ ಪೀಟರ್ ಫಾಕ್ ಕಾನೂನು ಅಂತಾನೇ ಹೆಸರು.

2011ರ ಜೂನ್ 23ಕ್ಕೆ ಮನೇಲೇ ತೀರ್ಕೊಂಡ್ರು, 83 ವರ್ಷ. ಲಾಸ್ ಏಂಜಲೀಸಿನ ವೆಸ್ಟ್‌ವುಡ್ ಸ್ಮಶಾನದಲ್ಲಿ ಸಮಾಧಿ ಇದೆ.

ನಾನು ಹೊಸಬ, ಎಲ್ಲಿಂದ ಶುರು ಮಾಡ್ಲಿ?

ಮೊದಲ ಪೈಲಟ್‌ನಿಂದ ಮಾತ್ರ ಬೇಡ, ಅದನ್ನ ಆಮೇಲೆ ನೋಡಿ. ಮರ್ಡರ್ ಬೈ ದ ಬುಕ್ ಇಂದ ಶುರು ಮಾಡಿ, ಆಮೇಲೆ ಕಸವೆಟಿಸ್ ಕೊಲೆಗಾರ ಆಗಿರೋ ಎತ್ಯೂಡ್ ಇನ್ ಬ್ಲ್ಯಾಕ್, ಆಮೇಲೆ ವೈನ್ ಎಪಿಸೋಡು. ಅವಸರದಲ್ಲಿ ನೋಡೋ ಸೀರೀಸ್ ಅಲ್ಲ ಇದು, ಸ್ಪೀಡ್ ಜಾಸ್ತಿ ಮಾಡ್ಬೇಡಿ, ಮೊಬೈಲ್ ಪಕ್ಕಕ್ಕಿಟ್ಟು ಒಂದು ರಾತ್ರಿಗೆ ಒಂದೇ ನೋಡಿ. ಈ ಮೂರೂ ಇಷ್ಟ ಆದ್ರೆ ಮಿಕ್ಕಿದ್ದಕ್ಕೆ ಯಾರ ಸಲಹೆನೂ ಬೇಕಾಗಲ್ಲ, ಆದ್ರೆ ಒಂದು ಭಾನುವಾರ ಬಿಡುವು ಮಾಡ್ಕೊಂಡು ಎ ವುಮನ್ ಅಂಡರ್ ದಿ ಇನ್‌ಫ್ಲುಯೆನ್ಸ್ ನೋಡೇ ನೋಡಿ. ಎರಡೂವರೆ ಗಂಟೆ ಆಗುತ್ತೆ.